ಪಾರ್ಶ್ವವಾಯು ಮತ್ತು ರಕ್ತದ ಸಕ್ಕರೆ: ಒಂದು ಪ್ರಶ್ನೆಯ ಇತಿಹಾಸ



ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿರುವ ನಾಗಾವಿ, ಗದಗಿನ ಮಗ್ಗುಲಲ್ಲೇ ಇರುವ ಊರು. ಅಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಗಿ, ಒಂದು ಕಡೆಯ ಕೈಕಾಲು ಸ್ವಾಧೀನ ತಪ್ಪಿದರೆ, 'ಲಕ್ವಾ ಹೊಡೀತು' ಎನ್ನುತ್ತಾರೆ. ಪುಸ್ತಕದ ಭಾಷೆಯಲ್ಲಿ ಅದೇ ಪಾರ್ಶ್ವವಾಯು. ರೋಗಿಯನ್ನು ಆಸ್ಪತ್ರೆಗೆ ಒಯ್ದೊಡನೆ ಮಾಡುವ ಮೊದಲ ಕೆಲಸಗಳಲ್ಲೊಂದು, ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡುವುದು. ಪೆಟ್ಟು ಬಿದ್ದಿರುವುದು ಮೆದುಳಿಗೆ, ಸಕ್ಕರೆ ನೋಡುವುದೇಕೆ?

ಚರಕ, ಸುಶ್ರುತ ಸಂಹಿತೆಗಳಲ್ಲಿ ಮಧುಮೇಹವೂ ಇದೆ, ಪಕ್ಷಾಘಾತವೂ ಇದೆ. ಆದರೆ ಬೇರೆ ಬೇರೆ ಅಧ್ಯಾಯಗಳಲ್ಲಿ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1664ರಲ್ಲಿ ಮೆದುಳಿನ ತಳದಲ್ಲಿ ಬಳೆಯಂತೆ ಕೂಡಿಕೊಂಡಿರುವ ರಕ್ತನಾಳಗಳನ್ನು ವರ್ಣಿಸಿದ. ಮುಂದೆ ಮಧುಮೇಹಿಗಳ ಮೂತ್ರ ಸಿಹಿಯೆಂದು ಬರೆದವನೂ ಅವನೇ. ಒಬ್ಬನ ಕೈಯಲ್ಲೇ ಎರಡು ಎಳೆಗಳಿದ್ದರೂ ಗಂಟು ಬೀಳಲಿಲ್ಲ!

ಆ ಗಂಟಿನ ಸುಳಿವು ಸಿಕ್ಕಿದ್ದು 1849ರಲ್ಲಿ. ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಮೊಲದ ಮೆದುಳಿನ ಕೆಳಭಾಗವನ್ನು ಸೂಜಿಯಿಂದ ಚುಚ್ಚಿದಾಗ ಅದರ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಅಂದರೆ, ಮೆದುಳಿಗೆ ಪೆಟ್ಟು ಬಿದ್ದರೆ ಸಕ್ಕರೆ ಏರಬಲ್ಲದು. ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳು ಹೆಚ್ಚಿ, ಯಕೃತ್ತು ತನ್ನ ದಾಸ್ತಾನನ್ನು ರಕ್ತಕ್ಕೆ ಬಿಡುತ್ತದೆ ಎಂಬುದು ಇಂದಿನ ತಿಳಿವಳಿಕೆ. ಆದ್ದರಿಂದಲೇ ಮಧುಮೇಹವಿಲ್ಲದ ಪಾರ್ಶ್ವವಾಯು ರೋಗಿಯಲ್ಲೂ ಸಕ್ಕರೆ ಏರಿರಬಹುದು.

ಹಾಗಾದರೆ ಈ ಏರಿಕೆ ಬೆಂಕಿಯ ಹೊಗೆಯೋ, ಬೆಂಕಿಗೆ ಸುರಿದ ಎಣ್ಣೆಯೋ? 1977ರಲ್ಲಿ ಅಮೆರಿಕದ ಮೈಯರ್ಸ್ ಮತ್ತು ಯಾಮಾಗುಚಿ, ಮೊದಲೇ ಗ್ಲೂಕೋಸ್ ಪಡೆದಿದ್ದ ಕೋತಿಗಳಲ್ಲಿ ರಕ್ತಸಂಚಾರ ನಿಂತಾಗ ಮೆದುಳಿಗೆ ಹೆಚ್ಚು ಹಾನಿಯಾಯಿತೆಂದು ವರದಿ ಮಾಡಿದರು. ಆಮ್ಲಜನಕವಿಲ್ಲದ ಕಡೆ ಸಕ್ಕರೆ ಪೂರ್ತಿ ಉರಿಯದೆ ಲ್ಯಾಕ್ಟಿಕ್ ಆಮ್ಲವಾಗಿ ಜೀವಕೋಶಗಳನ್ನು ಕೆಡಿಸುತ್ತದೆ. 2001ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯುವಾದ, ಮಧುಮೇಹವಿಲ್ಲದ ರೋಗಿಗಳಲ್ಲಿ ಸಕ್ಕರೆ ಏರಿದ್ದವರ ಸಾವಿನ ಅಪಾಯ ಸುಮಾರು ಮೂರು ಪಟ್ಟು ಕಂಡಿತು. ಬದುಕುಳಿದವರ ಚೇತರಿಕೆಯೂ ಕುಂಟಿತ್ತು.

ಇನ್ಸುಲಿನ್ ಅಂತೂ 1922ರಿಂದಲೇ ಇದೆ. ಕೊಟ್ಟು ಇಳಿಸಿದರಾಯಿತಲ್ಲ ಎನ್ನುತ್ತೀರಾ? ಅಮೆರಿಕದಲ್ಲಿ 1,151 ರೋಗಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. 2019ರಲ್ಲಿ ಫಲಿತಾಂಶ ಹೊರಬಂತು: ನೂರು ಮಿಲಿಲೀಟರ್ ರಕ್ತದಲ್ಲಿ ಸಕ್ಕರೆಯನ್ನು 80ರಿಂದ 130 ಮಿಲಿಗ್ರಾಮಿಗೆ ಕಟ್ಟುನಿಟ್ಟಾಗಿ ಇಳಿಸಿದವರಲ್ಲಿ ಚೆನ್ನಾಗಿ ಚೇತರಿಸಿಕೊಂಡವರು ಶೇಕಡಾ 20.5, 180ರೊಳಗೆ ಇರಿಸಿದವರಲ್ಲಿ 21.6. ಲಾಭವಾಗಲಿಲ್ಲ, ಕಟ್ಟುನಿಟ್ಟಿನ ಗುಂಪಿನ ಕೆಲವರಲ್ಲಿ ಸಕ್ಕರೆ ಅಪಾಯಕರವಾಗಿ ಕುಸಿದದ್ದೂ ಉಂಟು. ಇಂದು ಸಾಮಾನ್ಯವಾಗಿ 140ರಿಂದ 180ರ ನಡುವೆ ಇರಿಸಲು ಯತ್ನಿಸುತ್ತಾರೆ.

ಹಾಗೆಂದು ಆರೈಕೆ ವ್ಯರ್ಥವಲ್ಲ. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನದಲ್ಲಿ ದಾದಿಯರು ಜ್ವರ, ಸಕ್ಕರೆ, ನುಂಗುವ ಶಕ್ತಿ ಈ ಮೂರನ್ನೂ ಕ್ರಮವಾಗಿ ನೋಡಿಕೊಂಡರು. 90 ದಿನಗಳಲ್ಲಿ ಸತ್ತವರು ಅಥವಾ ಪರಾವಲಂಬಿಗಳಾದವರು ಶೇಕಡಾ 42; ಹಾಗೆ ಮಾಡದ ಕಡೆ 58. ಹೊಸ ಔಷಧಿಯಲ್ಲ, ಎಚ್ಚರದ ಆರೈಕೆ!

ನಾಗಾವಿಯ ಸುತ್ತಿನವರಿಗೆ 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಬಂತು; 2015ರಲ್ಲಿ ಗದಗಿನಲ್ಲೇ ಬಂತು. ದಾರಿ ಹತ್ತಿರವಾಗಿದೆ. ಆದರೆ ಹೊತ್ತು ಕಳೆಯಬಾರದು; ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯ ಗಡುವು ನಾಲ್ಕೂವರೆ ಗಂಟೆ. ಸಕ್ಕರೆ ತೀರ ಇಳಿದಾಗಲೂ ಪಾರ್ಶ್ವವಾಯುವಿನಂತೆಯೇ ಕಾಣಬಹುದು. ಅದನ್ನು ಬೆರಳಿನ ಒಂದು ಹನಿ ರಕ್ತವೇ ಹೇಳುತ್ತದೆ.

ಮನೆಯಲ್ಲಿ ಇಂಥದ್ದಾದರೆ ಬಾಯಿಗೆ ಚಹಾ, ಸಕ್ಕರೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಇಳಿದೀತು. ಲಕ್ಷಣ ಕಂಡ ಸಮಯ ಗುರುತಿಟ್ಟುಕೊಂಡು 108ಕ್ಕೆ ಕರೆ ಮಾಡಿ. ಅಜ್ಜ, ಅಜ್ಜಿಗೆ ಸಕ್ಕರೆ ಕಾಯಿಲೆ ಇದೆಯೇ, ಯಾವ ಮಾತ್ರೆ ನುಂಗುತ್ತಾರೆ? ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ. ಆ ದಿನ ವೈದ್ಯರು ಮೊದಲು ಕೇಳುವುದು ಅದನ್ನೇ.