ಅರ್ಧರಕ್ತದ ವೀರರು

ಭೀಮಸೇನನಿಗೂ ಹಿಡಿಂಬೆಗೂ ಹುಟ್ಟಿದ ಘಟೋತ್ಕಚನನ್ನು ನಮ್ಮ ಮನೆಯ ಮಕ್ಕಳೂ ಬಲ್ಲರು. ಅರ್ಜುನನಿಗೆಂದು ಕರ್ಣನು ಕಾದಿಟ್ಟಿದ್ದ ಶಕ್ತ್ಯಾಯುಧಕ್ಕೆ ಎದೆಯೊಡ್ಡಿದವನು ಈ ಅರೆರಾಕ್ಷಸ. ಅವನು ಬಿದ್ದಾಗ ಪಾಂಡವರು ಅತ್ತರು, ಕೃಷ್ಣನು ಮಾತ್ರ ಹರ್ಷಪಟ್ಟನು. ಎರಡು ಕುಲಗಳ ನಡುವೆ ಹುಟ್ಟಿದವನಿಗೆ ಪಂಕ್ತಿಯಲ್ಲಿ ಯಾವ ಸ್ಥಾನ? ಈ ಹಳೆಯ ಪ್ರಶ್ನೆ ಅಮೆರಿಕದ ಒಂದು ಆಟದಲ್ಲಿ ಐವತ್ತು ವರ್ಷ ಕಾಲ ಕಾಡಿತೆಂದರೆ ಆಶ್ಚರ್ಯವಾದೀತು.

ಆಟದ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ಈ ಆಟ 1974ರಲ್ಲಿ ಪ್ರಕಟವಾಯಿತು. ನಾಲ್ಕಾರು ಮಂದಿ ಮೇಜಿನ ಸುತ್ತ ಕೂಡುತ್ತಾರೆ. ಒಬ್ಬನು ಕಥೆ ನಡೆಸುವ ಸೂತ್ರಧಾರ. ಉಳಿದವರು ಒಂದೊಂದು ಪಾತ್ರ ವಹಿಸಿ, ಅದರಂತೆ ಮಾತನಾಡುತ್ತ, ದಾಳಗಳನ್ನು ಉರುಳಿಸಿ ಗೆಲವು ಸೋಲುಗಳನ್ನು ಕಾಣುತ್ತಾರೆ. ಆಡುವವನು ಮೊದಲು ತನ್ನ ಪಾತ್ರದ ಕುಲವನ್ನು ಆರಿಸಬೇಕು. ಅವನು ಮಾನವನಾಗಬಹುದು, ಕುಬ್ಜನಾಗಬಹುದು, ದೀರ್ಘಾಯುವಾದ ಎಲ್ಫ್ ಆಗಬಹುದು.

1975ರ 'ಗ್ರೇಹಾಕ್' ಎಂಬ ಪೂರಕ ಪುಸ್ತಕದಲ್ಲಿ ಅರೆ-ಎಲ್ಫ್ ಸೇರಿದನು. ಇವನ ಪೂರ್ವಜರನ್ನು ಟೋಲ್ಕೀನರ ಕಥೆಗಳಲ್ಲಿ ಕಾಣಬಹುದು. ಅಲ್ಲಿ ಎಲ್ರಾಂಡ್, ಎಲ್ರಾಸ್ ಎಂಬ ಸೋದರರಿಗೆ ಯಾವ ಕುಲಕ್ಕೆ ಸೇರಬೇಕೆಂಬ ನಿರ್ಧಾರವನ್ನು ಅವರಿಗೇ ಬಿಡಲಾಗುತ್ತದೆ. ಒಬ್ಬನು ಎಲ್ಫರ ಅಮರತ್ವವನ್ನು ವರಿಸಿದನು. ಇನ್ನೊಬ್ಬನು ಮರ್ತ್ಯ ಮಾನವರ ದೊರೆಯಾದನು.

ಆಟದ ನಿಯಮ ಅಷ್ಟು ಉದಾರವಾಗಿರಲಿಲ್ಲ. 1978ರ ಆಟಗಾರರ ಕೈಪಿಡಿಯಲ್ಲಿ ಅರೆ-ಆರ್ಕ್ ಬಂದನು. ಆರ್ಕ್ ಎಂದರೆ ಟೋಲ್ಕೀನರ ಕಥೆಗಳಲ್ಲಿ ದುಷ್ಟರ ಸೇನೆಯಲ್ಲಿ ದುಡಿಯುವ ಕ್ರೂರ ಕುಲ. ಈ ಮಿಶ್ರಸಂತಾನದಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಮನುಷ್ಯರಂತೆ ತೋರುವುದೆಂದೂ, ಆಟಗಾರನ ಪಾತ್ರ ಆ ಪಾಲಿಗೆ ಸೇರಿದ್ದೆಂದೂ ಪುಸ್ತಕ ಸಾರಿತು. ಅವನು ಯೋಧನಾದರೆ ಹತ್ತನೆಯ ಮೆಟ್ಟಿಲಲ್ಲಿ, ಪುರೋಹಿತನಾದರೆ ನಾಲ್ಕನೆಯದರಲ್ಲಿ ನಿಲ್ಲಬೇಕು. ಕುಲದ ಅಡ್ಡಿಯಿಲ್ಲದೆ ಏರಬಹುದಾದ ವೃತ್ತಿ ಒಂದೇ, ಗುಪ್ತಘಾತುಕನದು. ಹುಟ್ಟನ್ನು ನೋಡಿ ಕಸುಬನ್ನು ಗೊತ್ತುಮಾಡುವ ಕ್ರಮ ನಮಗೇನೂ ಹೊಸದಲ್ಲವಷ್ಟೆ!

1989ರ ಎರಡನೆಯ ಆವೃತ್ತಿಯ ಕೈಪಿಡಿ ಅರೆ-ಎಲ್ಫನನ್ನು ಉಳಿಸಿಕೊಂಡು ಅರೆ-ಆರ್ಕನನ್ನು ಹೊರಗಿಟ್ಟಿತು. 2000ದಲ್ಲಿ ಅವನು ಮರಳಿ ಬಂದನು. ಕುಲಕ್ಕೊಂದು ಮೆಟ್ಟಿಲೆಂಬ ಮಿತಿಯೂ ಆಗಲೇ ಅಳಿಯಿತು. 2014ರಲ್ಲಿಯೂ ಇಬ್ಬರಿಗೆ ಎಡೆಯಿತ್ತು. 2024ರ ಕೈಪಿಡಿಯಲ್ಲಾದರೋ ಇಬ್ಬರೂ ಇಲ್ಲ. ಅರೆ-ಆರ್ಕನ ಜಾಗದಲ್ಲಿ ಪೂರ್ಣ ಆರ್ಕನೇ ಬಂದು ಕುಳಿತಿದ್ದಾನೆ. 'ಜನಾಂಗ' ಎಂಬ ಪದವನ್ನೂ ತೆಗೆದು 'ಜೀವಜಾತಿ' ಎಂಬರ್ಥದ ಪದವನ್ನು ಇಟ್ಟಿದ್ದಾರೆ.

'ಅರೆ' ಎಂಬುದು ಮನುಷ್ಯನನ್ನು ಅಳೆದು ಕಡಮೆ ಮಾಡುವ ಮಾತು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ತಂದೆಯದೊಂದು ಕುಲ, ತಾಯಿಯದೊಂದು ಕುಲವಾಗಿ ಬೆಳೆದವರು ಈ ಪಾತ್ರಗಳಲ್ಲಿ ತಮ್ಮ ಮುಖವನ್ನು ಕಂಡುಕೊಂಡಿದ್ದರೆ ಅವರ ಗತಿ? 'ಪಾತ್‌ಫೈಂಡರ್' ಎಂಬ ಇನ್ನೊಂದು ಆಟ 2023ರಲ್ಲಿ ಬೇರೆ ದಾರಿ ಹಿಡಿಯಿತು. ಪಾತ್ರಗಳನ್ನು ಉಳಿಸಿಕೊಂಡು, 'ಅರೆ' ಎಂಬ ಮಾತನ್ನು ಮಾತ್ರ ಬಿಟ್ಟು, ಐಯುವಾರಿನ್, ಡ್ರೋಮಾರ್ ಎಂಬ ಸ್ವಂತ ಹೆಸರುಗಳನ್ನು ಕೊಟ್ಟಿತು.

ಘಟೋತ್ಕಚನನ್ನು ವ್ಯಾಸರು ಹೆಸರಿಟ್ಟೇ ಕರೆದರು. ಪಂಕ್ತಿಯಿಂದ ಎಬ್ಬಿಸುವುದಕ್ಕಿಂತ ಹೆಸರು ಹಿಡಿದು ಕರೆದು ಕೂರಿಸುವುದು ಮೇಲಲ್ಲವೆ?