ಜೈಲಿಗೆ ಬೆಂಕಿ ಬಿದ್ದರೆ ಬೀಗ ತೆಗೆಯುವವರು ಯಾರು? ನಿಯಮಗಳು ಹೇಳುವುದೇನು?

ಚಿತ್ರಮಂದಿರದಲ್ಲೋ ಮಾಲ್‌ನಲ್ಲೋ ಬೆಂಕಿ ಕಾಣಿಸಿಕೊಂಡರೆ ಜನ ಬಾಗಿಲತ್ತ ಓಡುತ್ತಾರೆ. ಆ ಬಾಗಿಲು ಕೀಲಿಕೈ ಇಲ್ಲದೆ ಒಳಗಿನಿಂದಲೇ ತೆರೆಯುವಂತಿರಬೇಕು ಎಂಬುದು ಅಗ್ನಿ ಸುರಕ್ಷತೆಯ ಮೂಲ ನಿಯಮ. ಜೈಲಿನಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಕೈದಿಯ ಜೀವ ಕೀಲಿಕೈ ಹಿಡಿದವರ ಕೈಯಲ್ಲಿರುತ್ತದೆ.

2012ರ ಫೆಬ್ರವರಿ 14ರ ರಾತ್ರಿ ಹೊಂಡುರಾಸ್‌ನ ಕೊಮಯಾಗುವಾ ಜೈಲಿಗೆ ಬೆಂಕಿ ಬಿದ್ದಾಗ ಆದದ್ದೂ ಅದೇ. ಬೀಗ ತೆಗೆಯುವವರಿಲ್ಲದೆ 350ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಅನೇಕರ ವಿಚಾರಣೆಯೇ ಮುಗಿದಿರಲಿಲ್ಲ. ಅದೇ ದೇಶದ ಸ್ಯಾನ್ ಪೆಡ್ರೊ ಸುಲಾ ಜೈಲಿನಲ್ಲಿ 2004ರಲ್ಲಿ ಶಾರ್ಟ್ ಸರ್ಕ್ಯೂಟ್‌ನಿಂದ 107 ಕೈದಿಗಳು ಸತ್ತಿದ್ದರು. ಆ ಪ್ರಕರಣದಲ್ಲಿ ಸರ್ಕಾರವೇ ಹೊಣೆ ಎಂದು ಅಂತರ-ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪು ಕೊಟ್ಟಾಗ, ಕೊಮಯಾಗುವಾ ದುರಂತ ನಡೆದು ಎರಡು ತಿಂಗಳು ಕಳೆದಿತ್ತು.

ಅಮೆರಿಕದ ಓಹಿಯೊ ಜೈಲಿನಲ್ಲಿ 1930ರಲ್ಲೇ 322 ಮಂದಿ ಬೆಂಕಿಗೆ ಬಲಿಯಾಗಿದ್ದರು. ಇಂದು ಅಲ್ಲಿನ ಎನ್‌ಎಫ್‌ಪಿಎ 101 ಸಂಹಿತೆಯಲ್ಲಿ ಜೈಲುಗಳಿಗೆಂದೇ ಅಧ್ಯಾಯಗಳಿವೆ. ಕೈದಿಗೆ ಎಷ್ಟು ಓಡಾಟದ ಸ್ವಾತಂತ್ರ್ಯವಿದೆ ಎಂಬುದನ್ನು ನೋಡಿ ಐದು ವರ್ಗ ಮಾಡಲಾಗಿದೆ. ಕೈದಿಗಳನ್ನು ನೇರವಾಗಿ ಬೀದಿಗೆ ಬಿಡಬೇಕಿಲ್ಲ. ಹೊಗೆ ತಡೆಯುವ ಗೋಡೆಯಾಚೆಯ ಇನ್ನೊಂದು ವಿಭಾಗಕ್ಕೆ ದಾಟಿಸಿದರೂ ಜೀವ ಉಳಿಯುತ್ತದೆ. ಆದರೆ ಬೀಗ ತೆಗೆಯುವ ಸಿಬ್ಬಂದಿ ರಾತ್ರಿಯೂ ಸ್ಥಳದಲ್ಲಿರಬೇಕು.

ಭಾರತದಲ್ಲಿ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಜೈಲು ಮತ್ತು ಮಾನಸಿಕ ಆರೋಗ್ಯ ಸಂಸ್ಥೆಗಳನ್ನು ಸಿ-3 ಎಂಬ ಒಂದೇ ಉಪವರ್ಗಕ್ಕೆ ಸೇರಿಸಿದೆ. ಆದರೆ ಸಂಹಿತೆ ಕಾನೂನಲ್ಲ, ರಾಜ್ಯಗಳು ತಮ್ಮ ನಿಯಮಗಳಲ್ಲಿ ಅಳವಡಿಸಿಕೊಂಡರಷ್ಟೇ ಅದಕ್ಕೆ ಬಲ. ಸಂವಿಧಾನದ ಪ್ರಕಾರ ಜೈಲು ರಾಜ್ಯಪಟ್ಟಿಯ ವಿಷಯ. ಅಗ್ನಿಶಾಮಕ ಸೇವೆ 12ನೇ ಅನುಸೂಚಿಯಲ್ಲಿ ನಗರಾಡಳಿತದ ಕೆಲಸಗಳ ಸಾಲಿನಲ್ಲಿದೆ. ಹೀಗಾಗಿ ದೇಶಕ್ಕೆಲ್ಲ ಒಂದೇ ನಿಯಮವನ್ನು ನಿರೀಕ್ಷಿಸುವಂತಿಲ್ಲ.

ಇದರ ಮೇಲೆ ಜನದಟ್ಟಣೆ. ಎನ್‌ಸಿಆರ್‌ಬಿ ವರದಿಯಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5.73 ಲಕ್ಷ ಮಂದಿ ಇದ್ದರು. ಅಂದರೆ 100 ಜನರ ಜಾಗದಲ್ಲಿ 131 ಜನ! ಇವರಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನರು.

ಬೀಗ ಜೈಲಿನಲ್ಲಷ್ಟೇ ಇರುವುದಿಲ್ಲ. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಎರ್ವಾಡಿಯ ಖಾಸಗಿ ಮಾನಸಿಕ ಚಿಕಿತ್ಸಾ ಗೃಹಕ್ಕೆ ಬೆಂಕಿ ಬಿದ್ದು 28 ಮಂದಿ ಸತ್ತರು. ಅವರನ್ನು ಸರಪಳಿಯಿಂದ ಕಟ್ಟಿಹಾಕಲಾಗಿತ್ತು. ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣವನ್ನು ಕೈಗೆತ್ತಿಕೊಂಡಿತು. ಮಾನಸಿಕ ಅಸ್ವಸ್ಥರನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸುವ ಸ್ಪಷ್ಟ ಮಾತು ಕಾಯ್ದೆಗೆ ಬಂದದ್ದು 2017ರಲ್ಲಿ, ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಸೆಕ್ಷನ್‌ನಲ್ಲಿ.