ಛಾಯಾಚಿತ್ರವೆಂಬ ಸಾಕ್ಷಿ

ಚರಿತ್ರೆಯನ್ನು ಬರೆಯುವವನಿಗೆ ಸಾಕ್ಷ್ಯಗಳು ಬಗೆಬಗೆಯಾಗಿ ದೊರೆಯುತ್ತವೆ. ಶಿಲಾಶಾಸನ, ತಾಮ್ರಶಾಸನ, ನಾಣ್ಯ, ಸರ್ಕಾರದ ಕಡತ, ಪ್ರವಾಸಿಗಳ ಬರಹ, ಇವುಗಳಲ್ಲಿ ಯಾವುದನ್ನೂ ಆತನು ಪರೀಕ್ಷಿಸದೆ ಒಪ್ಪುವುದಿಲ್ಲ. ತಾಮ್ರಶಾಸನವೊಂದು ಕೈಗೆ ಬಂದರೆ ಅದರ ಲಿಪಿ ಯಾವ ಕಾಲದ್ದು, ತಿಥಿವಾರಗಳು ಹೊಂದುತ್ತವೆಯೆ, ದಾನ ಕೊಟ್ಟನೆಂದು ಹೇಳುವ ಅರಸನು ಆಗ ಬದುಕಿದ್ದನೆ ಎಂಬುದನ್ನೆಲ್ಲ ನೋಡಿದ ಮೇಲಲ್ಲವೆ ಅದು ನಿಜವಾದ ಶಾಸನವೋ ಕೂಟಶಾಸನವೋ ಎಂದು ತೀರ್ಮಾನಿಸುವುದು? ಆದರೆ 19ನೆಯ ಶತಮಾನದಲ್ಲಿ ಹುಟ್ಟಿದ ಹೊಸ ಸಾಕ್ಷಿಯೊಂದರ ಮುಂದೆ ನಾವು ಈ ಎಚ್ಚರವನ್ನು ಮರೆತುಬಿಡುತ್ತೇವೆ. ಅದು ಛಾಯಾಚಿತ್ರ. ಬರೆದವನು ಸುಳ್ಳು ಬರೆದಿರಬಹುದು, ಬಿಡಿಸಿದವನು ಕಲ್ಪಿಸಿ ಬಿಡಿಸಿರಬಹುದು. ಬೆಳಕು ತಾನಾಗಿ ಮೂಡಿಸಿದ ಚಿತ್ರವು ಸುಳ್ಳು ಹೇಳೀತೆ ಎಂಬುದು ನಮ್ಮ ನಂಬಿಕೆ.

ಈ ನಂಬಿಕೆಗೆ ಎಷ್ಟುಮಟ್ಟಿನ ಆಧಾರವುಂಟೆಂಬುದನ್ನು ಕೆಲವು ಪ್ರಸಿದ್ಧ ಚಿತ್ರಗಳ ಮೂಲಕ ವಿಚಾರಮಾಡೋಣ. ರೇಡಿಯೋವಿನಲ್ಲಿ ಚಿತ್ರವನ್ನು ತೋರಿಸುವ ಹಾಗಿಲ್ಲ. ಆದರೆ ಅದರಿಂದ ಒಂದು ಅನುಕೂಲವೂ ಉಂಟು: ಕಣ್ಣು ಚಿತ್ರಕ್ಕೆ ಮರುಳಾಗುವ ಮೊದಲೇ ಅದರ ಹಿನ್ನೆಲೆಯನ್ನು ಕಿವಿ ಕೇಳಬಹುದು.

ಮೊದಲನೆಯದು ಕ್ರಿಮಿಯಾ ಯುದ್ಧದ ಚಿತ್ರ. 1855ರಲ್ಲಿ ರೋಜರ್ ಫೆಂಟನ್ ಎಂಬ ಇಂಗ್ಲಿಷ್ ಛಾಯಾಗ್ರಾಹಕನು, ದ್ರಾಕ್ಷಾರಸದ ವ್ಯಾಪಾರಿಯೊಬ್ಬನ ಗಾಡಿಯನ್ನು ಕತ್ತಲೆಕೋಣೆಯನ್ನಾಗಿ ಮಾರ್ಪಡಿಸಿಕೊಂಡು ರಣಭೂಮಿಗೆ ಹೋದನು. ಆಗಿನ ಪದ್ಧತಿಯಲ್ಲಿ ಗಾಜಿನ ಫಲಕಕ್ಕೆ ರಾಸಾಯನಿಕ ದ್ರವವನ್ನು ಲೇಪಿಸಿ, ಅದು ಹಸಿಯಾಗಿರುವಾಗಲೇ ಚಿತ್ರ ಹಿಡಿದು, ಒಣಗುವುದರೊಳಗಾಗಿ ತೊಳೆಯಬೇಕಾಗಿತ್ತು. ಬೆಳಕಿಗೆ ಒಡ್ಡುವ ಕಾಲವೇ ಹಲವು ಸೆಕೆಂಡುಗಳು. ಆದಕಾರಣ ಓಡುವ ಕುದುರೆಯಾಗಲಿ ಹಾರುವ ಗುಂಡಾಗಲಿ ಅದಕ್ಕೆ ಸಿಕ್ಕುತ್ತಿರಲಿಲ್ಲ; ಅಲುಗದೆ ನಿಂತದ್ದು, ಸತ್ತು ಬಿದ್ದದ್ದು ಮಾತ್ರ ಸಿಕ್ಕುತ್ತಿತ್ತು. ಫೆಂಟನ್ ಆ ವರ್ಷದ ಏಪ್ರಿಲಿನಲ್ಲಿ ತೆಗೆದ ಚಿತ್ರವೊಂದರಲ್ಲಿ ಮನುಷ್ಯರೇ ಇಲ್ಲ. ಬೋಳು ಕಣಿವೆ, ಅದರ ನಡುವೆ ಒಂದು ರಸ್ತೆ, ರಸ್ತೆಯ ಮೇಲೆಲ್ಲ ಚೆಲ್ಲಿದ ಫಿರಂಗಿಯ ಗುಂಡುಗಳು. ಸೈನಿಕರು ಆ ಸ್ಥಳವನ್ನು 'ಮೃತ್ಯುಛಾಯೆಯ ಕಣಿವೆ' ಎಂದು ಕರೆಯುತ್ತಿದ್ದರು. ಚಿತ್ರಕ್ಕೂ ಅದೇ ಹೆಸರಾಯಿತು.

ಇದೇ ಸ್ಥಳದಿಂದ ತೆಗೆದ ಇನ್ನೊಂದು ಫಲಕವೂ ಇದೆ. ಅದರಲ್ಲಿ ಗುಂಡುಗಳೆಲ್ಲ ಪಕ್ಕದ ಹಳ್ಳದಲ್ಲಿವೆ, ರಸ್ತೆ ಬರಿದಾಗಿದೆ. ಎರಡರಲ್ಲಿ ಮೊದಲನೆಯದು ಯಾವುದು? ಬಹುಕಾಲ ವಾದ ನಡೆಯಿತು. 2007ರಲ್ಲಿ ಎರಲ್ ಮಾರಿಸ್ ಎಂಬ ಅಮೆರಿಕಾದ ಚಲನಚಿತ್ರಕಾರನು ಆ ಕಣಿವೆಗೇ ಹೋಗಿ ಬಂದು ಶೋಧನೆ ನಡೆಸಿದನು. ಇಳಿಜಾರಿನಲ್ಲಿದ್ದ ಕೆಲವು ಸಣ್ಣ ಕಲ್ಲುಗಳು ಎರಡು ಫಲಕಗಳಲ್ಲಿ ಒಂದೇ ಕಡೆ ಇಲ್ಲವೆಂಬುದು ಆಗ ಕಂಡುಬಂದಿತು. ಗುಂಡುಗಳಿರುವ ಚಿತ್ರದಲ್ಲಿ ಅವು ಕೆಳಕ್ಕೆ ಸರಿದಿದ್ದವು. ಕಲ್ಲು ಕೆಳಕ್ಕೆ ಉರುಳುವುದೇ ಹೊರತು ತಾನಾಗಿ ಮೇಲಕ್ಕೆ ಏರುವುದಿಲ್ಲವಷ್ಟೆ. ಆದುದರಿಂದ ಬರಿಯ ರಸ್ತೆಯೇ ಮೊದಲಿನದು. ಗುಂಡುಗಳು ಆಮೇಲೆ ಅಲ್ಲಿಗೆ ಬಂದವು. ಹಾಗೆಂದು ಚಿತ್ರವು ಸುಳ್ಳೆನ್ನಬಹುದೆ? ಕಣಿವೆಯೂ ನಿಜ, ಗುಂಡುಗಳೂ ನಿಜ, ಯುದ್ಧವೂ ನಿಜ. ಜೋಡಣೆ ಮಾತ್ರ ಬೇರೆ.

ಎರಡನೆಯ ಚಿತ್ರವು ನಮ್ಮ ದೇಶದ್ದು. 1857ರ ನವೆಂಬರ್ 16ರಂದು ಲಖನೌ ನಗರದ ಸಿಕಂದರ್ ಬಾಗ್ ಎಂಬ ಉದ್ಯಾನವನ್ನು ಸರ್ ಕಾಲಿನ್ ಕ್ಯಾಂಪ್ಬೆಲ್ಲನ ಸೈನ್ಯವು ಮುತ್ತಿತು. ಎತ್ತರವಾದ ಗೋಡೆಗಳ ಒಳಗೆ ಸಿಕ್ಕಿಬಿದ್ದ ಸಿಪಾಯಿಗಳಿಗೆ ಹೊರಕ್ಕೆ ದಾರಿಯಿರಲಿಲ್ಲ. ಸುಮಾರು 2,000 ಮಂದಿ ಹತರಾದರು. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಫೆಲಿಚೆ ಬಿಯಾಟೋ ಎಂಬ ಛಾಯಾಗ್ರಾಹಕನು ಅಲ್ಲಿಗೆ ಬಂದನು. ಆತನ ಚಿತ್ರದಲ್ಲಿ ಗುಂಡುಗಳಿಂದ ಜರ್ಝರಿತವಾದ ಮಂಟಪವೊಂದು ನಿಂತಿದೆ. ಅದರ ಮುಂದಿನ ಅಂಗಳದ ತುಂಬ ತಲೆಬುರುಡೆಗಳು, ಎಲುಬುಗಳು. ನಡುವೆ ಕೆಲವರು ಭಾರತೀಯರು ಸುಮ್ಮನೆ ನಿಂತು ನಮ್ಮ ಕಡೆಗೆ ನೋಡುತ್ತಿದ್ದಾರೆ.

ನೋಡಿದವರು ಇದನ್ನು ಕದನ ಮುಗಿದ ಕ್ಷಣದ ಚಿತ್ರವೆಂದು ತಿಳಿಯುವುದು ಸಹಜ. ಆದರೆ ಆ ದಿನಗಳಲ್ಲಿ ಔಧದ ಅಧಿಕಾರಿಯಾಗಿದ್ದ ಸರ್ ಜಾರ್ಜ್ ಕ್ಯಾಂಪ್ಬೆಲ್ಲನು ತನ್ನ ಆತ್ಮಕಥೆಯಲ್ಲಿ ಬೇರೆಯದನ್ನು ಹೇಳುತ್ತಾನೆ. ಹೆಣಗಳ ಮೇಲೆ ಆಗಲೇ ಮಣ್ಣು ಮುಚ್ಚಲಾಗಿತ್ತಂತೆ. ಛಾಯಾಗ್ರಾಹಕನು ಹಟ ಹಿಡಿದು, ಚಿತ್ರಕ್ಕಾಗಿ ಅವುಗಳನ್ನು ಮತ್ತೆ ತೆರೆಯಿಸಿದನಂತೆ. ಇಲ್ಲಿಯೂ ಹತ್ಯೆ ಸುಳ್ಳಲ್ಲ. ಆದರೆ ಈ ಚಿತ್ರವು ಗೆದ್ದವರ ಕೊಳ್ಳುವಿಕೆಗಾಗಿ ತಯಾರಾದದ್ದು. ಸತ್ತವರಿಗೆ ಮಣ್ಣಿನ ಮರೆಯಾದರೂ ದೊರೆತಿತ್ತು; ಅದನ್ನೂ ತೆಗೆದು ಅವರನ್ನು ಪ್ರದರ್ಶನಕ್ಕಿಟ್ಟಿತು ಕ್ಯಾಮರಾ.

ಮೂರನೆಯದು ನಮ್ಮ ನಾಡಿಗೆ ಇನ್ನೂ ಹತ್ತಿರದ್ದು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಕ್ಷಾಮವನ್ನು ನಮ್ಮ ಹಿರಿಯರು ಧಾತು ಈಶ್ವರದ ಬರವೆಂದು ನೆನೆಯುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದ ಜನ ಎಂಟೂವರೆ ಲಕ್ಷಕ್ಕೂ ಮಿಕ್ಕಿ ಇಳಿದುಹೋಗಿದ್ದರು. ಈ ಕ್ಷಾಮದ ಮುಖವನ್ನು ಲೋಕವು ಇಂದಿಗೂ ಕಾಣುವುದು ಬಹುಮಟ್ಟಿಗೆ ಒಬ್ಬನ ಕ್ಯಾಮರಾದಿಂದ. ಆತನು ಮದರಾಸು ಸೈನ್ಯದ ಅಧಿಕಾರಿ, ವಿಲ್ಲೋಬಿ ವಾಲೆಸ್ ಹೂಪರ್. ಮದರಾಸು ಪ್ರಾಂತದಲ್ಲಿ ಆತನು ತೆಗೆದ ಚಿತ್ರಗಳಲ್ಲಿ ಗಂಡಸರು, ಹೆಂಗಸರು, ಮಕ್ಕಳು ಗುಂಪಾಗಿ ಕುಳಿತಿದ್ದಾರೆ. ಪಕ್ಕೆಯ ಎಲುಬುಗಳನ್ನು ಒಂದೊಂದಾಗಿ ಎಣಿಸಬಹುದು. ಕುಟುಂಬದವರು ಮದುವೆಯಲ್ಲಿ ಚಿತ್ರ ತೆಗೆಸಿಕೊಳ್ಳುವಾಗ ಕುಳಿತುಕೊಳ್ಳುವರಲ್ಲವೆ, ಅದೇ ಕ್ರಮದಲ್ಲಿ ಈ ಅಸ್ಥಿಪಂಜರಗಳನ್ನೂ ಕೂರಿಸಲಾಗಿದೆ.

ಒಂದು ಚಿತ್ರದ ಕೆಳಗೆ 'ಉಚಿತ ನೆರವಿಗೆ ಯೋಗ್ಯರಾದವರು' ಎಂಬ ಅರ್ಥದ ಬರಹವಿದೆ. ಈ 'ಯೋಗ್ಯರು' ಎಂಬ ಮಾತನ್ನು ಬಿಡಿಸಿ ನೋಡಬೇಕು. ಅಂದಿನ ಸರ್ಕಾರದ ನಿಯಮದಂತೆ, ದುಡಿಯಲು ಶಕ್ತಿಯುಳ್ಳವರು ಪರಿಹಾರದ ಕಾಮಗಾರಿಗಳಲ್ಲಿ ಕಲ್ಲು ಒಡೆದು ಮಣ್ಣು ಹೊತ್ತು ಕೂಲಿ ಪಡೆಯಬೇಕು. ಕೈಲಾಗದವರಿಗೆ ಮಾತ್ರ ಪುಕ್ಕಟೆಯ ಅನ್ನ. ಖರ್ಚನ್ನು ಇಳಿಸುವುದಕ್ಕಾಗಿ ಬಂದ ಸರ್ ರಿಚರ್ಡ್ ಟೆಂಪಲ್ಲನು 1877ರ ಆರಂಭದಲ್ಲಿ ಆಳೊಬ್ಬನ ದಿನದ ಕೂಲಿಯನ್ನು ಒಂದು ಪೌಂಡು ಧಾನ್ಯಕ್ಕೆ, ಮೇಲೊಂದು ಆಣೆಗೆ ತಂದನು. ಒಂದು ಪೌಂಡೆಂದರೆ ಅರ್ಧ ಕಿಲೋಗ್ರಾಮಿಗಿಂತಲೂ ಕಡಮೆ. ದಿನವೆಲ್ಲ ದುಡಿಯುವ ದೇಹಕ್ಕೆ ಇದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಪ್ರತಿಭಟಿಸಿದನು. ಕೆಲವು ತಿಂಗಳ ಬಳಿಕ ಕೂಲಿಯನ್ನು ಏರಿಸಬೇಕಾಯಿತು. ಈಗ ಚಿತ್ರವನ್ನು ಮತ್ತೆ ನೋಡಿ. ಅಲ್ಲಿ ಕುಳಿತವರು ಎಲುಬಾಗುವವರೆಗೆ ಬಳಲಿದ ಮೇಲೆಯೇ 'ಯೋಗ್ಯರು' ಎನ್ನಿಸಿಕೊಂಡರು. ಇದು ಬರಿಯ ಮಳೆಯ ಅಭಾವದ ಚಿತ್ರವಲ್ಲ. ಒಂದು ಆಡಳಿತದ ಲೆಕ್ಕಾಚಾರದ ಚಿತ್ರವೂ ಹೌದು. ಆ ಲೆಕ್ಕವನ್ನು ಬರೆದ ಮೇಜಾಗಲಿ, ಅದೇ ಕಾಲದಲ್ಲಿ ಬಂದರುಗಳಿಂದ ಹೊರದೇಶಕ್ಕೆ ಹೋಗುತ್ತಿದ್ದ ಧಾನ್ಯವಾಗಲಿ ಈ ಗಾಜಿನ ಫಲಕದ ಮೇಲೆ ಮೂಡಲಿಲ್ಲ.

ಹೂಪರನ ಕಥೆ ಇಲ್ಲಿಗೆ ಮುಗಿಯುವುದಿಲ್ಲ. 1886ರ ಜನವರಿಯಲ್ಲಿ, ಇಂಗ್ಲಿಷರು ಬರ್ಮಾ ದೇಶವನ್ನು ಗೆದ್ದ ಹೊಸದರಲ್ಲಿ, ಆತನು ಮಾಂಡಲೆಯಲ್ಲಿ ಸೈನಿಕ ಶಿಕ್ಷೆಗಳ ಮೇಲ್ವಿಚಾರಕನಾಗಿದ್ದನು. ಮರಣದಂಡನೆಗೆ ಗುರಿಯಾದ ಬರ್ಮೀಯರನ್ನು ಗೋಡೆಗೆ ನಿಲ್ಲಿಸಿ, ಗುಂಡು ತಗಲುವ ಕ್ಷಣವನ್ನು ಹಿಡಿಯುವುದಕ್ಕಾಗಿ ತನ್ನ ಕ್ಯಾಮರಾವನ್ನು ಹೂಡಿದನೆಂಬ ಸುದ್ದಿ ಲಂಡನ್ನಿನ ಪತ್ರಿಕೆಯಲ್ಲಿ ಬಂದಿತು. ಪಾರ್ಲಿಮೆಂಟಿನಲ್ಲಿ ಕೋಲಾಹಲವೆದ್ದು, ವಿಚಾರಣೆ ನಡೆದು, ಹೂಪರನು ಖಂಡನೆಗೆ ಗುರಿಯಾದನು. ಸಾಯುವವರನ್ನು ವೀಕ್ಷಿಸುವ ವಸ್ತುವನ್ನಾಗಿ ಮಾಡಿದುದಕ್ಕಾಗಿ ಮಾಂಡಲೆಯಲ್ಲಿ ಲೋಕವು ಸಿಟ್ಟುಗೊಂಡಿತು. ಕ್ಷಾಮದಲ್ಲಿ ಕೂರಿಸಿದ ಗುಂಪುಗಳ ವಿಷಯದಲ್ಲಿ ಅಂಥ ವಿಚಾರಣೆಯಾವುದೂ ನಡೆಯಲಿಲ್ಲ.

ಆದರೂ ಈ ಚಿತ್ರಗಳನ್ನು ತಿರಸ್ಕರಿಸುವುದು ಸರಿಯಲ್ಲ. ಹೂಪರನ ಉದ್ದೇಶವೇನೇ ಇದ್ದಿರಲಿ, ಆತನ ಫಲಕಗಳು ಇಲ್ಲದಿದ್ದರೆ ಧಾತು ಈಶ್ವರದ ಬರವು ನಮಗೆ ಜನಗಣತಿಯ ಎರಡು ಅಂಕಿಗಳಾಗಿ ಮಾತ್ರ ಉಳಿಯುತ್ತಿತ್ತು. ಸಿಕಂದರ್ ಬಾಗಿನ ಎಲುಬುಗಳನ್ನು ಗೆದ್ದವನು ತನ್ನ ಹೆಮ್ಮೆಗಾಗಿ ತೋರಿಸಿದನು; ಇಂದು ಅದೇ ಚಿತ್ರವು ಆ ಗೆಲುವಿನ ಕ್ರೌರ್ಯಕ್ಕೆ ಸಾಕ್ಷಿಯಾಗಿದೆ. ಸಾಕ್ಷಿಯು ತನ್ನನ್ನು ಕರೆತಂದವನ ಪರವಾಗಿಯೇ ನುಡಿಯಬೇಕೆಂಬ ನಿಯಮವೇನೂ ಇಲ್ಲ.

ಆದುದರಿಂದ ಶಾಸನವನ್ನು ಓದುವಾಗ ಕೇಳುವ ಪ್ರಶ್ನೆಗಳನ್ನೇ ಛಾಯಾಚಿತ್ರದ ಮುಂದೆಯೂ ಕೇಳುವುದನ್ನು ನಾವು ರೂಢಿಮಾಡಿಕೊಳ್ಳಬೇಕು. ತೆಗೆದವನು ಯಾರು, ಯಾರಿಗಾಗಿ ತೆಗೆದನು? ಅದಕ್ಕೆ ಮುಂಚೆ ಅಲ್ಲಿ ಏನಿತ್ತು, ಆಮೇಲೆ ಏನಾಯಿತು? ಚೌಕಟ್ಟಿನ ಹೊರಗೆ ಉಳಿದವರು ಯಾರು? ಇಂಥ ಚಿತ್ರಗಳನ್ನು ತೆಗೆದವರ ಹೆಸರುಗಳನ್ನು ಪುಸ್ತಕಗಳು ಜೋಪಾನವಾಗಿ ಉಳಿಸಿಕೊಂಡು ಬಂದಿವೆ. ಅವುಗಳಲ್ಲಿ ಕುಳಿತ ಬಡವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಆ ಹೆಸರುಗಳನ್ನು ಹಿಂದಕ್ಕೆ ತರುವುದು ಈಗ ಸಾಧ್ಯವಿಲ್ಲ. ಅವರು ಅಲ್ಲಿಗೆ ಹೇಗೆ ಬಂದರು, ಯಾರ ನಿರ್ಣಯದಿಂದ ಆ ಸ್ಥಿತಿಗೆ ಇಳಿದರು ಎಂಬುದನ್ನು ಹುಡುಕಿ ಹೇಳುವುದು ಸಾಧ್ಯ. ಚರಿತ್ರೆಯ ವಿದ್ಯಾರ್ಥಿಯು ಅವರಿಗೆ ಸಲ್ಲಿಸಬೇಕಾದ ಋಣ ಅಷ್ಟಾದರೂ ಉಂಟು.